ಎಂಟು ಸಾಮಾನಿಗೆ ಒಂಬತ್ತು ಚೀಲ

ಹೋದ ವಾರ ಬಾಣಸವಾಡಿ ಸ್ಟೇಷನ್ನಿನ ಹೊರಗೆ ಶಾಮಿಯಾನದವರು ನೆನೆದ ಹಗ್ಗಗಳನ್ನು ಕಾಂಪೌಂಡಿನ ಮೇಲೆ ಒಣಹಾಕಿದ್ದರು. ಮಧ್ಯಾಹ್ನದ ಬಿಸಿಲಿಗೆ ಅವುಗಳಿಂದ ಸಣ್ಣಗೆ ಆವಿ ಏಳುತ್ತಿತ್ತು. ನೈಲಾನು, ಕೆಸರು, ಅದರ ಜೊತೆ ಎಲ್ಲೋ ಒಂದಿಷ್ಟು ಗ್ರೀಸು ಸೇರಿದ ವಾಸನೆ. ರೈಲಿಗೆ ಇನ್ನೂ ಹೊತ್ತಿತ್ತು, ನಾನು ಅಲ್ಲೇ ನಿಂತುಬಿಟ್ಟೆ. ಶಾಮಿಯಾನದವನು ಏನಾದರೂ ಬೇಕಿತ್ತಾ ಅಮ್ಮ ಎಂದು ಕೇಳಿದ. ಏನಿಲ್ಲ ಎಂದೆ. ಕೆಲವು ವರ್ಷಗಳ ಹಿಂದೆ ಒಂದಿಡೀ ಮಳೆಗಾಲ ಈ ವಾಸನೆ ನನ್ನ ಸೀರೆಗೆ, ಕೂದಲಿಗೆ, ಊಟದ ಡಬ್ಬಿಗೆ ಅಂಟಿಕೊಂಡಿತ್ತು ಎಂದು ಗುರುತಿಲ್ಲದವನಿಗೆ ಹೇಗೆ ಹೇಳುವುದು?

ನಾವು ಯಾದಗಿರಿ ಕಡೆಯವರು. ನನ್ನ ಗಂಡ ಟೈಲ್ಸ್ ಹಾಕುವ ಕೆಲಸಕ್ಕೆ ಬೆಂಗಳೂರಿಗೆ ಬಂದಾಗ ಜೊತೆಗೆ ನಾನೂ ಬಂದೆ. ರಾಮಮೂರ್ತಿ ನಗರದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದೆವು. ಮೊದಲು ನಾಲ್ಕು ವರ್ಷ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿದೆ. ಬರೀ ಕಾಲರು. ಅದೇ ಅಂಗಿಯ ತೋಳನ್ನು ಯಾರು ಹೊಲಿಯುತ್ತಾರೆ, ಗುಂಡಿಯನ್ನು ಎಲ್ಲಿ ಹಚ್ಚುತ್ತಾರೆ, ಒಂದೂ ನನಗೆ ಗೊತ್ತಿರಲಿಲ್ಲ. ಆಮೇಲೆ ಶಿವಾಜಿನಗರದ ಖಾದರ್ ಚಾಚಾನ ಅಂಗಡಿಗೆ ಸೇರಿದೆ. ಲಾರಿಗಳ ಟಾರ್ಪಾಲು, ಜೀಪಿನ ಹುಡ್ಡು, ಆಟೋ ಸೀಟು ಹೊಲಿಯುವ ಅಂಗಡಿ. ಅಲ್ಲಿ ಕನಿಷ್ಠ ಹೊಲಿದದ್ದು ಪೂರ್ತಿಯಾಗಿ ಕಣ್ಣೆದುರು ನಿಲ್ಲುತ್ತಿತ್ತು. ಆದರೆ ಚಾಚಾನಿಗೆ ಪ್ರಶ್ನೆ ಕೇಳಿದರೆ ಆಗುತ್ತಿರಲಿಲ್ಲ. ಅಳತೆ ಸಿಕ್ಕಿತಲ್ಲ, ಹೊಲಿ ಎನ್ನುವವನು.

ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಗೌತಮಿ ಬಂದಳು. ಮೂವತ್ತರ ಆಸುಪಾಸಿನವಳು, ಮೋಟು ಕೂದಲು, ಮೊಣಕಾಲಿನವರೆಗೆ ರಬ್ಬರ್ ಬೂಟು, ಕಿವಿಯ ಮೇಲೆ ಹೊಲಿಗೆ ಹಾಕಿದ ಹಸಿ ಗಾಯ. ತನ್ನ ಹಳೇ ಜೀಪನ್ನು ಆ ಕಿರಿದಾದ ಗಲ್ಲಿಯಲ್ಲಿ ಒಂದೇ ಸಲಕ್ಕೆ ಹಿಂದಕ್ಕೆ ತಂದು ಅಂಗಡಿಯ ಮೆಟ್ಟಿಲಿಗೆ ತಾಗುವಂತೆ ನಿಲ್ಲಿಸಿದಳು. ಕೆ.ಆರ್. ಪುರದ ಆಚೆಯ ಹಳ್ಳಿಯವಳು. ಕೆರೆಗಳ ನೀರನ್ನೂ ಕೆಸರನ್ನೂ ತೆಗೆದು ಪರೀಕ್ಷೆಗೆ ಕೊಡುವುದು ಅವಳ ಉದ್ಯೋಗ. ಕೆರೆಯಂಗಳಕ್ಕೆ ಒಬ್ಬಳೇ ಗಾಡಿ ಇಳಿಸುತ್ತಾಳೆ, ಹೂತುಕೊಂಡರೆ ಒಬ್ಬಳೇ ಮೇಲೆತ್ತಿಕೊಳ್ಳಬೇಕು. ಅದಕ್ಕೆ ಬೇಕಾದ ಸಾಮಾನೆಲ್ಲ ಗಾಡಿಯ ಹಿಂಭಾಗದಲ್ಲಿ ರಾಶಿ ಬಿದ್ದಿತ್ತು. ಹಿಂದಿನ ವಾರ ಅಡ್ಡ ಬಂದ ಹಸುವಿಗಾಗಿ ಬ್ರೇಕ್ ಹಾಕಿದಾಗ ಆ ರಾಶಿಯಿಂದ ಕಬ್ಬಿಣದ ಕೊಂಡಿಯೊಂದು ಹಾರಿ ಬಂದು ಕಿವಿ ಹರಿದಿತ್ತು. ಪ್ರತಿಯೊಂದಕ್ಕೂ ಒಂದು ಗಟ್ಟಿ ಚೀಲ ಬೇಕು, ಚೀಲಗಳನ್ನು ಗಾಡಿಗೆ ಬಿಗಿಯಲು ಪಟ್ಟಿ ಬೇಕು ಎಂದಳು.

ಚಾಚಾ ಅಳತೆ ಪಟ್ಟಿ ನನ್ನ ಕೈಗೆ ಕೊಟ್ಟು ಚಹಾಕ್ಕೆ ಹೋದ. ಗೌತಮಿ ನೆಲದ ಮೇಲೆ ಹಳೇ ಟಾರ್ಪಾಲು ಹಾಸಿ ಒಂದೊಂದೇ ಇಳಿಸಿದಳು. ನನ್ನ ಮಣಿಕಟ್ಟಿನಷ್ಟು ದಪ್ಪದ ಒಂದು ಹಗ್ಗ. ಅಂಗೈ ಅಗಲದ ಒಂದು ಪಟ್ಟಿ. ಇಂಗ್ಲಿಷಿನ ಡಿ ಅಕ್ಷರದಂತಿದ್ದು ತಿರುಗಣಿ ಹಾಕುವ ಎರಡು ಕೊಂಡಿಗಳು, ಅವಕ್ಕೆ ಅವಳು ಶ್ಯಾಕಲ್ ಎನ್ನುತ್ತಿದ್ದಳು. ಒಂದು ಕಬ್ಬಿಣದ ರಾಟೆ. ಎದೆಯೆತ್ತರದ ಜಾಕಿ. ಸಲಿಕೆ. ಟೈರಿನ ಕೆಳಗೆ ಕೊಡುವ ಹಲ್ಲು ಹಲ್ಲಾದ ಎರಡು ಹಲಗೆ. ಗಾಳಿ ಪಂಪು. ಎಂಟು ಬಗೆ. ನಾನು ಎಂಟು ಚೀಲ ಎಂದು ಚೀಟಿಯಲ್ಲಿ ಬರೆದುಕೊಂಡೆ. ಅವಳು ಒಂಬತ್ತು ಎಂದಳು. ಒಂಬತ್ತನೆಯದಕ್ಕೆ ಏನು ಹಾಕುತ್ತೀರಿ ಎಂದು ಕೇಳಿದೆ. ಏನೂ ಇಲ್ಲ ಎಂದಳು.

ಬಾಯಿ ಮುಚ್ಚಿಕೊಂಡು ಹೊಲಿಯಬಹುದಿತ್ತು. ಆದರೆ ಚಾಚಾ ಇರಲಿಲ್ಲ, ಮಳೆ ಹಿಡಿದಿತ್ತು, ಅವಳೂ ಹೊರಡುವ ಹಾಗಿರಲಿಲ್ಲ. ಒಂದೊಂದಾಗಿ ಕೇಳುತ್ತಾ ಹೋದೆ. ಈ ಹಗ್ಗ ಯಾಕೆ ಇಷ್ಟು ಮೆತ್ತಗಿದೆ? ಎಳೆದಾಗ ಅದು ರಬ್ಬರಿನಂತೆ ಹಿಗ್ಗುತ್ತದೆ, ಹಿಗ್ಗಿದ್ದು ಮತ್ತೆ ಕುಗ್ಗುವಾಗ ಹೂತ ಗಾಡಿಯನ್ನು ಕಿತ್ತು ತರುತ್ತದೆ. ಹಾಗಾದರೆ ಈ ಪಟ್ಟಿ ಯಾಕೆ ಹಿಗ್ಗುವುದಿಲ್ಲ? ಅದು ಮರಕ್ಕೆ ಸುತ್ತುವುದು, ಹಿಗ್ಗಿದರೆ ಹಿಡಿತ ಹೋಗುತ್ತದೆ, ಅಗಲವಿಲ್ಲದಿದ್ದರೆ ತೊಗಟೆ ಸುಲಿಯುತ್ತದೆ. ಒಂಬತ್ತನೆಯ ಚೀಲದ ವಿಷಯವನ್ನು ಕೊನೆಯಲ್ಲಿ ಹೇಳಿದಳು. ಜೀಪಿನ ಮುಂದೆ ವಿಂಚು ಇತ್ತು, ಉಕ್ಕಿನ ವಯರನ್ನು ಸುತ್ತಿ ಎಳೆಯುವ ಯಂತ್ರ. ಬಿಗಿಯಾಗಿ ನಿಂತ ವಯರಿನ ತುದಿ ಕಿತ್ತುಬಂದರೆ ಅದು ಚಾಟಿಯಂತೆ ಹಿಂದಕ್ಕೆ ಹೊಡೆಯುತ್ತದೆ, ಎದುರಿಗಿದ್ದವರು ಉಳಿಯುವುದಿಲ್ಲ. ಅದಕ್ಕೇ ಎರಡು ಜೇಬಿನ ಒಂದು ಚೀಲವನ್ನು ವಯರಿನ ಮೇಲೆ ಕುದುರೆ ಜೀನಿನಂತೆ ಹೊದಿಸಬೇಕು. ಜೇಬಿಗೆ ಸಿಕ್ಕ ಮಣ್ಣು ತುಂಬಿದರೆ ಆಯಿತು. ವಯರು ಕಿತ್ತರೂ ಅದರ ಭಾರ ನೆಲಕ್ಕೆ ಎಳೆದು ಬೀಳಿಸುತ್ತದೆ.

ಆ ಚೀಲದ ಅಂಚಿಗೆ ಯಾರೂ ಹೇಳದೆ ನಾಲ್ಕು ಸಾಲು ಹೊಲಿಗೆ ಹಾಕಿದೆ.

ಚೀಲಗಳನ್ನು ಒಯ್ಯಲು ಬಂದ ದಿನ ಶುಕ್ರವಾರ. ನಮಾಜಿಗೆಂದು ಚಾಚಾ ಮಧ್ಯಾಹ್ನವೇ ಅಂಗಡಿ ಮುಚ್ಚುತ್ತಿದ್ದ, ಮತ್ತೆ ತೆರೆಯುತ್ತಿರಲಿಲ್ಲ. ಹೊರಮಾವಿನ ಆಚೆ ಒಂದು ಕೆರೆಗೆ ಹೋಗುತ್ತಿದ್ದೇನೆ, ರಾಮಮೂರ್ತಿ ನಗರ ದಾರಿಯಲ್ಲೇ ಸಿಗುತ್ತದೆ, ಇಳಿಸಲೇ ಎಂದಳು ಗೌತಮಿ. ಹತ್ತಿದೆ. ಹಲಸೂರು ದಾಟಿ, ಇಂದಿರಾನಗರದ ಸಿಗ್ನಲ್ಲುಗಳಲ್ಲಿ ನಿಂತು ನಿಂತು, ನಮ್ಮ ರಸ್ತೆಯ ತಿರುವು ಬಂದಾಗ ನಾನು ಇಳಿಯಲಿಲ್ಲ. ಆ ಸಾಮಾನನ್ನು ಹೇಗೆ ಬಳಸುತ್ತಾರೆ ಎಂದು ನೋಡಬೇಕಿತ್ತು.

ಅವತ್ತೇ ನೋಡಿದೆ. ಕೆರೆಯಂಗಳದ ಮಣ್ಣು ಮೇಲೆ ಒಣಗಿದಂತೆ ಕಾಣುತ್ತಿತ್ತು. ಎರೆ ಹೊಲದಲ್ಲಿ ಬೆಳೆದವಳು ನಾನು. ಅಂಥ ಮಣ್ಣಿನ ಕೆಳಗೆ ಏನಿರುತ್ತದೆಂದು ಗೊತ್ತಿದ್ದರೂ ಗಾಡಿಯ ವಿಷಯದಲ್ಲಿ ಬಾಯಿ ಹಾಕಲು ಸಂಕೋಚವಾಗಿ ಸುಮ್ಮನಿದ್ದೆ. ಜೀಪು ಹಿಂಭಾಗದಿಂದ ಕುಸಿದು ಕೂತಿತು. ಹಿಂದಿನ ಬಾಗಿಲು ಅರ್ಧ ಕೆಸರಲ್ಲಿ ಮುಳುಗಿ ತೆರೆಯಲೇ ಇಲ್ಲ, ನನ್ನ ಒಂಬತ್ತೂ ಚೀಲ ಅದರ ಹಿಂದಿದ್ದವು. ಸೀಟು ಹಾರಿ ಒಳಗಿಂದ ಹೋಗಿ ತೆಗೆಯಲು ನೋಡಿದೆ. ಕೆಸರು ಹತ್ತಿದ ಕೈಗೆ ಚೀಲಗಳ ಜಿಪ್ಪು ಜಾರುತ್ತಿತ್ತು, ಎರಡು ಜಿಪ್ಪುಗಳ ಹಲ್ಲಿನೊಳಗೆ ಮರಳು ಕೂತು ಅವು ಅಲ್ಲಾಡಲೇ ಇಲ್ಲ. ಗೌತಮಿ ಬೈಯಲಿಲ್ಲ. ಬ್ಲೇಡಿನಿಂದ ಒಂದು ಚೀಲ ಕೊಯ್ದು ಸಲಿಕೆ ತೆಗೆದಳು. ಮೇಲೆ ಬರಲು ಎರಡು ಗಂಟೆ ಹಿಡಿಯಿತು.

ಮುಂದಿನ ವಾರವಿಡೀ ಚಾಚಾ ಇಲ್ಲದ ಹೊತ್ತು ನೋಡಿ ಚೀಲಗಳನ್ನು ಬಿಚ್ಚಿ ಮತ್ತೆ ಹೊಲಿದೆ. ಜಿಪ್ಪು ಕಿತ್ತೆಸೆದು ಹಿತ್ತಾಳೆಯ ಕಣ್ಣು, ದಪ್ಪ ಬಕಲ್ ಹಾಕಿದೆ. ಕೈಗವಸು ಹಾಕಿಕೊಂಡೇ ಬಿಚ್ಚಬಹುದಾದ ಹಾಗೆ ಪಟ್ಟಿಯ ತುದಿಗೆ ಗಂಟು ಬಿಟ್ಟೆ. ಶ್ಯಾಕಲ್ಲಿನ ಚೀಲಕ್ಕೆ ಕೆಂಪು ಅಂಚು, ಹಗ್ಗಕ್ಕೆ ಹಳದಿ. ಮೊದಲು ಬೇಕಾಗುವ ನಾಲ್ಕನ್ನು ಮುಂದಿನ ಸೀಟಿನ ಬೆನ್ನಿಗೆ ಕಟ್ಟುವಂತೆ ಮಾಡಿದೆ. ಭಾರದ ಜಾಕಿ ಮಾತ್ರ ನೆಲದಲ್ಲಿ, ಗಾಡಿಯ ಅಡ್ಡಕ್ಕೆ. ಗೌತಮಿ ಕಣ್ಣು ಮುಚ್ಚಿಕೊಂಡು ಒಂದೊಂದನ್ನೂ ಬಿಚ್ಚಿ ನೋಡಿದಳು. ತಲೆಯಾಡಿಸಿ, ಬರುವ ಶುಕ್ರವಾರ ಬರ್ತೀರಾ ಅಕ್ಕ ಎಂದಳು.

ಜುಲೈ ಪೂರ್ತಿ ಹೋದೆ. ಗಂಡನಿಗೆ ಮೊದಮೊದಲು ಇದು ತಲೆಗೆ ಹೋಗಲಿಲ್ಲ, ವಾರವೆಲ್ಲ ದುಡಿದು ಸಿಕ್ಕ ಅರ್ಧ ದಿನ ಕೆಸರಿಗೆ ಯಾಕೆ ಹೋಗುತ್ತೀ ಎಂದು ಕೇಳಿದರು. ರಾಟೆಯೊಂದನ್ನು ನಡುವೆ ಹಾಕಿದರೆ ಎಳೆತದ ಬಲ ಎರಡರಷ್ಟಾಗುತ್ತದೆ ಎಂದು ಅವರಿಗೆ ಬಾಗಿಲ ಚಿಲಕ, ದಾರದ ಉಂಡೆ ಇಟ್ಟು ತೋರಿಸಿದೆ. ಅವರೂ ಎರಡು ಸಲ ಎಳೆದು ನೋಡಿದರು. ಆಮೇಲೆ ಕೇಳಲಿಲ್ಲ. ಕಾಲಿಟ್ಟರೆ ಕುಸಿಯುವ ಮಣ್ಣನ್ನು ಈಗ ನಾನೇ ಮುಂದೆ ನಡೆದು ಹಿಮ್ಮಡಿಯಿಂದ ಒತ್ತಿ ಹೇಳುತ್ತಿದ್ದೆ. ಗೌತಮಿ ನನ್ನ ಹೆಜ್ಜೆಯ ಮೇಲೇ ಗಾಡಿ ತರುತ್ತಿದ್ದಳು.

ಆಗಸ್ಟಿನಲ್ಲಿ ಮೂರು ದಿನ ಬಿಡದೆ ಮಳೆ ಹೊಯ್ಯಿತು. ಮೂರನೆಯ ದಿನ ಶುಕ್ರವಾರ. ಕೆರೆಗೆ ಬರುವ ನೀರನ್ನು ಅವತ್ತೇ ಹಿಡಿಯಬೇಕಿತ್ತು ಗೌತಮಿಗೆ. ಹೊರಮಾವಿನ ಆಚೆ ರಾಜಕಾಲುವೆಯ ಪಕ್ಕದ ಬಡಾವಣೆ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಸುಮಾರು ಮೂರು ಗಂಟೆಯ ಹೊತ್ತು. ಮುಂದೆ ಜನ ಗುಂಪುಗೂಡಿದ್ದರು. ಕಾಲುವೆಯ ತಡೆಗೋಡೆ ಕುಸಿದ ಜಾಗದಲ್ಲಿ ಒಂದು ಮಿನಿ ಬಸ್ಸು ಮುಂದಿನ ಎಡಗಾಲಿಯನ್ನು ಕಾಲುವೆಯ ಮೇಲೆ ಗಾಳಿಯಲ್ಲಿ ಇಳಿಬಿಟ್ಟು ವಾಲಿ ನಿಂತಿತ್ತು. ಕೆಳಗೆ ಕಾಲುವೆ ತುಂಬಿ, ಕೆಂಪಗೆ, ಓಡುತ್ತಿತ್ತು. ಬಸ್ಸಿನ ಹಿಂದಿನ ಸೀಟುಗಳಲ್ಲಿ ಹನ್ನೊಂದು ಮಂದಿ ಹೆಂಗಸರು ಒಬ್ಬರನ್ನೊಬ್ಬರು ಹಿಡಿದು ಕೂತಿದ್ದರು. ಗಾರ್ಮೆಂಟ್ಸಿನವರು. ನಾನೂ ನಾಲ್ಕು ವರ್ಷ ಹೆಗಲಿಗೆ ಹಾಕಿಕೊಂಡು ಓಡಾಡಿದಂಥ ಊಟದ ಚೀಲಗಳೇ ಕಿಟಕಿಯಲ್ಲಿ ಕಂಡವು.

ಹತ್ತುವ ಬಾಗಿಲು ಕಾಲುವೆಯ ಕಡೆಗಿತ್ತು. ಈಚೆ ಪಕ್ಕದ ತುರ್ತು ಕಿಟಕಿಯಿಂದ ಇಳಿಯಿರಿ ಎಂದು ಜನ ಕೂಗುತ್ತಿದ್ದರು. ಗೌತಮಿ ನೀರಿಗಿಳಿದು ಹೋಗಿ ಒಂದು ನಿಮಿಷ ನೋಡಿದಳು. ಆಮೇಲೆ ಕಿಟಕಿಯ ಹತ್ತಿರ ಬಾಯಿಟ್ಟು ಯಾರೂ ಏಳಬೇಡಿ ಎಂದಳು. ಅವರು ಹಿಂದೆ ಕೂತ ಭಾರಕ್ಕೇ ಬಸ್ಸು ನಿಂತಿತ್ತು. ಒಬ್ಬೊಬ್ಬರಾಗಿ ಇಳಿದರೆ ಹಿಂಭಾಗ ಹಗುರಾಗಿ ಉಳಿದವರ ಸಮೇತ ಮುಂದಕ್ಕೆ ಮಗುಚುತ್ತದೆ. ಡ್ರೈವರು ಬ್ರೇಕಿನಿಂದ ಕಾಲು ತೆಗೆಯದೆ ಬೆವರುತ್ತಾ ಕೂತಿದ್ದ.

ಗುಂಪಿನಲ್ಲೊಬ್ಬ ತನ್ನ ಲಾರಿಗೆ ಸರಪಳಿ ಕಟ್ಟಿ ಒಂದೇ ಏಟಿಗೆ ಎಳೆದುಬಿಡುತ್ತೇನೆ ಎಂದ. ಗೌತಮಿ ಅವನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಎಳೀಬಾರ್ದು ಗುರು. ಈಗ ಹಿಡ್ಕೊಂಡ್ರೆ ಸಾಕು. ಅವ್ರು ಇಳಿಯೋವರೆಗೂ ಹಿಡ್ಕೊಂಡ್ರೆ ಸಾಕು."

ಜೀಪಿನ ಮೂತಿಯನ್ನು ಬಸ್ಸಿನ ಹಿಂಭಾಗಕ್ಕೆ ತಿರುಗಿಸಿ ದೂರ ನಿಲ್ಲಿಸಿದಳು. ಜೀಪೇ ಜಾರಿ ಹೋಗಬಾರದಲ್ಲ, ಅದರ ಬೆನ್ನನ್ನು ರಸ್ತೆ ಬದಿಯ ದೊಡ್ಡ ಮಳೆಮರಕ್ಕೆ ಅಗಲ ಪಟ್ಟಿಯಿಂದ ಕಟ್ಟಿದಳು. ನಾನು ಕೆಂಪು ಅಂಚಿನ ಚೀಲ ಬಿಚ್ಚಿ ಶ್ಯಾಕಲ್ ತೆಗೆದೆ. ವಿಂಚಿನ ವಯರನ್ನು ನನ್ನ ಕೈಗೆ ಕೊಟ್ಟು, "ಅಕ್ಕ, ಚಾಸಿಸ್‌ಗೆ ಹಾಕಿ. ಬಂಪರ್ ಕೆಳಗೆ, ಒಳಗಡೆ ಗಾಡಿಯ ಚೌಕಟ್ಟಲ್ಲಿ ಒಂದು ಕೊಕ್ಕೆ ಇರುತ್ತೆ. ಬಂಪರ್‌ಗೆ ಬೇಡ" ಎಂದಳು.

ವಯರು ಎಳೆದುಕೊಂಡು ಬಸ್ಸಿನ ಹಿಂದೆ ಹೋದೆ. ಬಗ್ಗಿ ನೀರೊಳಗೆ ಕೈ ಹಾಕಿ ತಡಕಿದೆ. ಏನೋ ಮೆತ್ತಗಿನದು ಬಂದು ಮಣಿಕಟ್ಟಿಗೆ ಸುತ್ತಿಕೊಂಡಿತು. ಕೈ ತಾನಾಗೇ ಹಿಂದೆ ಬಂತು. ಎರಡನೆಯ ಸಲ ಹಾಕಲು ನೋಡಿದೆ, ಹಾಕಲಾಗಲಿಲ್ಲ. ನೀರಿನ ಮೇಲೆ, ಕಣ್ಣೆದುರಿಗೇ, ಬಂಪರಿಗೆ ಬೆಸೆದ ಒಂದು ಬಳೆಯಂಥ ಕಬ್ಬಿಣ ಕಂಡಿತು. ಗಟ್ಟಿಯಾಗಿಯೇ ಕಾಣುತ್ತಿತ್ತು. ಶ್ಯಾಕಲ್ಲನ್ನು ಅದಕ್ಕೆ ಹಾಕಿ ತಿರುಗಣಿ ಬಿಗಿದೆ. ಆಯ್ತು ಎಂದು ಕೈ ಎತ್ತಿದೆ.

ಒಂಬತ್ತನೆಯ ಚೀಲಕ್ಕೆ ಕೆಸರು ತುಂಬಿ ವಯರಿನ ನಡುವೆ ಹೊದಿಸಿದೆವು. ಗೌತಮಿ ಜನರನ್ನೆಲ್ಲ ಬದಿಗೆ ಕಳಿಸಿ, ವಯರು ಹೊಡೆದರೆ ಅಡ್ಡವಿರಲೆಂದು ಜೀಪಿನ ಬಾನೆಟ್ ಎತ್ತಿ ನಿಲ್ಲಿಸಿ, ಅದರ ಪಕ್ಕ ನಿಂತು ವಿಂಚಿನ ಸ್ವಿಚ್ಚು ಒತ್ತಿದಳು. ವಯರು ನೀರಿನಿಂದ ಎದ್ದು ನೆಟ್ಟಗಾಯಿತು. ಬಸ್ಸು ನರಳಿತು. ಆಮೇಲೆ ಒಂದು ಶಬ್ದ ಬಂತು, ತಗಡಿನ ಮೇಲೆ ಕಲ್ಲು ಬಿದ್ದ ಹಾಗೆ.

ಬಂಪರಿನ ಆ ಬಳೆ ಕಿತ್ತುಬಂದಿತ್ತು. ವಯರು ಹಿಂದಕ್ಕೆ ಚಿಮ್ಮಿದ್ದನ್ನು ನಾನು ನೋಡಲಿಲ್ಲ, ಅಷ್ಟು ಬೇಗ ಆಗಿಹೋಯಿತು. ಚೀಲ ಅದನ್ನು ನೀರಿಗೆ ಎಳೆದಿತ್ತು. ತುದಿಯಲ್ಲಿದ್ದ ಕಬ್ಬಿಣದ ಚೂರು ಮಾತ್ರ ಕೆಳಗಿನಿಂದ ಬಂದು ಗೌತಮಿಯ ಬಲ ಮಣಿಕಟ್ಟಿಗೆ ಹೊಡೆದಿತ್ತು. ಚೀಲ ಇಲ್ಲದಿದ್ದರೆ ಅದು ಎದೆಯೆತ್ತರಕ್ಕೆ ಬರುತ್ತಿತ್ತು. ಬಸ್ಸು ಒಂದು ಗೇಣು ಮುಂದಕ್ಕೆ ಜಾರಿತ್ತು. ಒಳಗಿನಿಂದ ಬಂದ ಆ ಹೆಂಗಸರ ಕೂಗು ಇವತ್ತಿಗೂ ಕಿವಿಯಲ್ಲಿದೆ.

ಗೌತಮಿ ಬಲಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ನನ್ನನ್ನು ನೋಡಿದಳು. ಮುಖ ಬಿಳಚಿತ್ತು. "ಈಗ ಚಾಸಿಸ್‌ಗೆ ಹಾಕಿ ಅಕ್ಕ" ಎಂದಳು, ಅಷ್ಟೇ.

ಮತ್ತೆ ಹೋದೆ. ಈ ಸಲ ಮೊಣಕಾಲೂರಿ ಪೂರ್ತಿ ಬಗ್ಗಿದೆ, ನೀರು ಗದ್ದಕ್ಕೆ ಬಂತು. ಭುಜದವರೆಗೆ ಕೈ ಹಾಕಿದೆ. ಅದೇ ಮೆತ್ತಗಿನದು ಮತ್ತೆ ಸಿಕ್ಕಿತು, ಹಿಡಿದು ಎಳೆದೆ. ಹರಿದ ಗೋಣಿಚೀಲ. ಅದರ ಹಿಂದೆ ತಣ್ಣಗೆ, ದಪ್ಪಗೆ ಕೊಕ್ಕೆ ಇತ್ತು. ಕಣ್ಣಿಗೆ ಕಾಣದ್ದನ್ನು ಬೆರಳಿನಲ್ಲೇ ನೋಡಿ ಶ್ಯಾಕಲ್ ಹಾಕಿದೆ, ತಿರುಗಣಿ ಸುತ್ತಿದೆ, ಎರಡು ಸಲ ಜಗ್ಗಿ ನೋಡಿದೆ. ಚೀಲವನ್ನು ನೀರಿನಿಂದೆತ್ತಿ ತಂದು ಮತ್ತೆ ಹೊದಿಸಿದೆ. ಕ್ಯಾನ್ವಾಸು ನಡುವೆ ಹರಿದಿತ್ತು, ಹೊಲಿಗೆ ಬಿಟ್ಟಿರಲಿಲ್ಲ. ಸ್ವಿಚ್ಚು ಒತ್ತಿದ್ದು ನಾನೇ, ಪಕ್ಕದಲ್ಲಿ ನಿಂತು ಎಷ್ಟು ಸಾಕೆಂದು ಹೇಳಿದ್ದು ಅವಳು. ವಯರು ಬಿಗಿಯಿತು. ಬಸ್ಸು ಅಲ್ಲಾಡದೆ ನಿಂತಿತು.

ಹೆಂಗಸರು ರಸ್ತೆ ಪಕ್ಕದ ಕಿಟಕಿಯಿಂದ ಒಬ್ಬೊಬ್ಬರಾಗಿ ಇಳಿದರು. ಲಾರಿಯವನು ಎದೆಯ ಮೇಲೆ ಹೊರುವಂತೆ ಅವರನ್ನು ಎತ್ತಿ ಇಳಿಸಿದ. ಹನ್ನೊಂದನೆಯವಳು ವಯಸ್ಸಾದವಳು, ಇಳಿದವಳೇ ಅವನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಕೊನೆಗೆ ಡ್ರೈವರು ಬ್ರೇಕಿನಿಂದ ಕಾಲು ತೆಗೆದ. ನಡೆಯಲು ಬರುತ್ತಿರಲಿಲ್ಲ ಅವನಿಗೆ, ತೊಡೆ ಮರಗಟ್ಟಿತ್ತು. ಸಂಜೆಯ ಹೊತ್ತಿಗೆ ಕ್ರೇನು ಬಂದು ಬಸ್ಸನ್ನು ಎತ್ತಿತು.

ಗೌತಮಿಯ ಮಣಿಕಟ್ಟಿನಲ್ಲಿ ಎರಡು ಕಡೆ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರು. ಬಂಪರು ತುಕ್ಕು ಹಿಡಿದಿತ್ತು, ಅದಕ್ಕೇ ಕಿತ್ತು ಬಂತು ಎಂದು ಅಲ್ಲಿದ್ದವರೆಲ್ಲ ಹೇಳಿದರು. ಆ ಮಾತನ್ನು ನಾನು ಹಾಗೇ ಬಿಟ್ಟೆ. ಶನಿವಾರ ಚಾಚಾ ಹರಿದ ಚೀಲವನ್ನು ಎತ್ತಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದ. "ಇದು ಏನ್ ಕೆಲ್ಸ ಮಾಡ್ತೈತೆ, ಬೇಟಿ?" ಎಂದು ಕೇಳಿದ. ಅಷ್ಟು ವರ್ಷದಲ್ಲಿ ಅವನು ಒಂದು ಹೊಲಿಗೆಯ ಬಗ್ಗೆ ಹಾಗೆ ಕೇಳಿದ್ದು ಅದೇ ಮೊದಲು. ಎಲ್ಲ ಹೇಳಿದೆ, ಅದೊಂದನ್ನು ಬಿಟ್ಟು.

ಮೂರು ಶುಕ್ರವಾರ ಕೆ.ಆರ್. ಪುರದ ಬಸ್ಸು ಹಿಡಿದು ಅವಳ ಮನೆಗೆ ಹೋದೆ. ಪುಟ್ಟ ಹೆಂಚಿನ ಮನೆ, ಗೋಡೆಯ ಗೂಡಿನಲ್ಲಿ ಬುದ್ಧನ ವಿಗ್ರಹ, ಬಾಗಿಲಲ್ಲಿ ಜೀಪು. ಅವಳ ತಾಯಿ ನಾಗಮ್ಮ ಪ್ರತಿ ಸಲವೂ ಮುದ್ದೆ, ಸೊಪ್ಪಿನ ಸಾರು ಬಡಿಸಿ, ನಿಮ್ಮ ಚೀಲದಿಂದಲೇ ನನ್ನ ಮಗಳು ಉಳಿದಳು ಎನ್ನುತ್ತಿದ್ದರು. ಎಡಗೈಯಲ್ಲಿ ಉಣ್ಣಲು ಕಷ್ಟಪಡುತ್ತಿದ್ದ ಗೌತಮಿಯನ್ನು ನೋಡಲಾಗುತ್ತಿರಲಿಲ್ಲ. ನಾಲ್ಕನೆಯ ವಾರ ನಾಗಮ್ಮ ಹಸುವಿನ ಕೆಲಸಕ್ಕೆ ಹೊರಗೆ ಹೋದಾಗ ಹೇಳಿಬಿಟ್ಟೆ.

"ಗೌತಮಿ, ಅವತ್ತ ನಾ ಬಂಪರಿಗೇ ಹಾಕಿದ್ದೆ. ಆತು ಅಂತ ಸುಳ್ಳ ಹೇಳಿದೆ."

ಅವಳು ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ನಿಲ್ಲಿಸಿದಳು.

"ಯಾಕೆ ಅಕ್ಕ?"

"ನೀರಾಗ ಕೈಗೆ ಏನೋ ಹತ್ತಿತು. ಅಂಜಿದೆ."

"ಬಂಪರ್ ಚೂರಿನ ಜೊತೆ ನಮ್ಮ ಶ್ಯಾಕಲ್ ಕೂಡ ಬಂದಿತ್ತಲ್ಲ. ಅವತ್ತೇ ಗೊತ್ತಾಯ್ತು ನಂಗೆ" ಎಂದಳು.

ಹಾಗಾದರೆ ಇಷ್ಟು ದಿನ ಯಾಕೆ ಕೇಳಲಿಲ್ಲ ಎಂದೆ. ಹೊರಗೆ ನಾಗಮ್ಮ ಹಸುವಿನ ಜೊತೆ ಏನೋ ಹೇಳಿಕೊಳ್ಳುತ್ತಿದ್ದುದು ಕೇಳುತ್ತಿತ್ತು.

"ಕೊಕ್ಕೆ ಎಲ್ಲಿ ಬಿದ್ದಿದೆ ಅಂತ ಹೋಗಿ ನೋಡೋದು ಸ್ವಿಚ್ ಒತ್ತೋರ ಕೆಲ್ಸ. ನಾನು ನೋಡ್ಲಿಲ್ಲ. ನೀವು ಕೈ ಎತ್ತಿದ್ರಿ, ಒತ್ತಿಬಿಟ್ಟೆ. ಅದು ನನ್ ತಪ್ಪು" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಆದ್ರೆ ನೀವಾಗೇ ಹೇಳ್ತೀರ ಅಂತ ಕಾಯ್ತಿದ್ದೆ. ಇನ್ನೊಂದು ವಾರ ಬಿಟ್ಟಿದ್ರೆ ನಿಜವಾಗ್ಲೂ ಕೋಪ ಬರ್ತಿತ್ತು."

ನಾನು ಅತ್ತೆ. ಅವಳು ಸಮಾಧಾನ ಮಾಡಲು ಬರಲಿಲ್ಲ, ಅತ್ತು ಮುಗಿಯಲಿ ಎಂದು ಕೂತಿದ್ದಳು. ಮುಗಿದ ಮೇಲೆ ಎದ್ದು ಗೋಡೆಯ ಮೊಳೆಯಿಂದ ಜೀಪಿನ ಕೀ ತೆಗೆದಳು. ಕೆರೆಯ ನೀರು ಹಿಡಿದು ತಿಂಗಳ ಮೇಲಾಯಿತು, ಈ ಮಳೆಗಾಲದ ಲೆಕ್ಕ ಅರ್ಧಕ್ಕೆ ನಿಂತಿದೆ, ನನ್ನ ಕೈ ಕೂಡಲು ಇನ್ನೂ ದಿನ ಬೇಕು ಎಂದಳು. ಅಂಗಳಕ್ಕೆ ಬಂದು, ವಾಡಿಕೆಯಂತೆ ನಾನು ಎಡಗಡೆಯ ಬಾಗಿಲಿಗೆ ಹೋದೆ. ಅವಳು ಆಗಲೇ ಅಲ್ಲಿ ಹತ್ತಿ ಕೂತಿದ್ದಳು. ಆಚೆ ಕಡೆಯಿಂದ ಬನ್ನಿ ಎಂದಳು.

ಸ್ಟಿಯರಿಂಗಿನ ಹಿಂದೆ ಕೂತೆ. ಕಾಲು ಎಟುಕಲಿಲ್ಲ. ನಾಗಮ್ಮ ಒಳಗಿನಿಂದ ಒಂದು ದಿಂಬು ತಂದು ಬೆನ್ನಿಗಿಟ್ಟು, ಮಜಾ ನೋಡಲು ಹಸುವಿನ ಪಕ್ಕದಲ್ಲೇ ನಿಂತರು. ಗೌತಮಿ ಎಡಗಾಲಿನ ಕೆಳಗಿನದನ್ನು ತೋರಿಸಿ, ಇದು ಕ್ಲಚ್ಚು, ಮೊದಲು ಇದನ್ನು ಪೂರ್ತಿ ಒತ್ತಬೇಕು ಎಂದಳು.

ನಾನು ಒತ್ತಲಿಲ್ಲ. ಯಾಕೆ ಒತ್ತಬೇಕು, ಒತ್ತಿದರೆ ಒಳಗೆ ಏನಾಗುತ್ತದೆ ಎಂದು ಕೇಳಿದೆ.

ಗೌತಮಿ ಕೀ ಕಿತ್ತು ಡ್ಯಾಶ್‌ಬೋರ್ಡಿನ ಮೇಲಿಟ್ಟಳು. ನಾಗಮ್ಮನನ್ನು ಕರೆದು ಅಡುಗೆಮನೆಯಿಂದ ಎರಡು ತಟ್ಟೆ ತರಲು ಹೇಳಿದಳು. ಇದು ಗಾಲಿ ಎಂದು ಒಂದನ್ನು ನನ್ನ ಕೈಗೆ ಕೊಟ್ಟು, ಇದು ಇಂಜಿನ್ನು ಎಂದು ಇನ್ನೊಂದನ್ನು ತನ್ನ ಎಡಗೈಯಲ್ಲಿ ಹಿಡಿದು, ತಟ್ಟೆಗಳ ಬೆನ್ನಿಗೆ ಬೆನ್ನು ಒತ್ತಿ ತಿರುಗಿಸತೊಡಗಿದಳು. ನನ್ನ ಕೈಯ ತಟ್ಟೆಯೂ ತಿರುಗಿತು.